ಮಳೆಗಾಲವನ್ನೂ ದಾಟುವ ಅಭ್ಯಾಸ: ಸಣ್ಣ ಗುರಿಯಿಂದ ಆರಂಭಿಸುವವರಿಗೆ ಸಮಗ್ರ ಮಾರ್ಗದರ್ಶಿ

ಯುಗಾದಿಯಂದೋ ಜನವರಿ ಒಂದರಂದೋ ಹಿಡಿದ ಸಂಕಲ್ಪ ಜೂನ್ ತಿಂಗಳು ಮುಗಿಯುವುದರೊಳಗೆ ನೀರಿನ ಪಾಲಾಗುವುದನ್ನು ಮಲೆನಾಡಿನಲ್ಲಿ ಬದುಕುವ ನಾವು ವರ್ಷ ವರ್ಷವೂ ಕಾಣುತ್ತೇವೆ. ಬೆಳಗಿನ ನಡಿಗೆಯಾಗಲಿ, ರಾತ್ರಿಯ ಓದಾಗಲಿ, ಮನೆಯ ಖರ್ಚು ಬರೆದಿಡುವುದಾಗಲಿ, ಕಾಫಿಗೆ ಸಕ್ಕರೆ ಕಡಿಮೆ ಮಾಡುವುದಾಗಲಿ, ಮೃಗಶಿರಾ ಮಳೆಯವರೆಗೆ ಹೇಗೋ ನಡೆದುಕೊಂಡು ಬಂದದ್ದು ಆರಿದ್ರಾ ಹಿಡಿದ ವಾರದಲ್ಲಿ ನಿಂತುಹೋಗುತ್ತದೆ. ಮಳೆ ಬಿಟ್ಟ ಮೇಲೆ ಮತ್ತೆ ತೊಡಗೋಣವೆಂದರೆ ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲು ಬಂದಿರುತ್ತದೆ. ಹೀಗೆ ನಿಲ್ಲಿಸಿದವರನ್ನು ಕೇಳಿದರೆ ಹೆಚ್ಚಿನವರು ‘ನನ್ನ ಮನಸ್ಸೇ ಗಟ್ಟಿಯಿಲ್ಲ’ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ದಿನವೂ ನಸುಕಿನಲ್ಲಿ ಎದ್ದು ಕೊಟ್ಟಿಗೆಯ ಕೆಲಸ ಮುಗಿಸುವ, ಸುರಿಯುವ ಮಳೆಯಲ್ಲಿ ತೋಟಕ್ಕೆ ಹೋಗಿ ಬರುವ ಜನರ ಮನಸ್ಸು ಗಟ್ಟಿಯಿಲ್ಲವೆಂದರೆ ನಂಬುವುದು ಹೇಗೆ? ತಪ್ಪಿರುವುದು ಗುರಿಯ ಅಳತೆಯಲ್ಲಿ ಮತ್ತು ಹೆಜ್ಜೆಗಳ ಕ್ರಮದಲ್ಲಿ. ಫೆಬ್ರವರಿಯ ತಿಳಿ ಬೆಳಗಿನಲ್ಲಿ ಕುಳಿತು ನಾವು ಗುರಿಯನ್ನು ಅಳೆಯುತ್ತೇವೆ. ಅಳೆಯಬೇಕಾದದ್ದು ಜುಲೈ ತಿಂಗಳ ಅತ್ಯಂತ ಕೆಟ್ಟ ಸಂಜೆಯನ್ನು ಮುಂದಿಟ್ಟುಕೊಂಡು.

ಕೆಳಗೆ ಎಂಟು ಹಂತಗಳಿವೆ. ಇವುಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ನಾನು ಕಂಡ ಮಟ್ಟಿಗೆ, ಸೋತವರಲ್ಲಿ ಬಹಳ ಮಂದಿ ಮೊದಲನೆಯ ಹಂತವನ್ನು ಬಿಟ್ಟು ನೇರವಾಗಿ ಐದನೆಯದಕ್ಕೆ ಹಾರಿದವರು.

ಬೇಕಾಗುವ ಸಾಮಗ್ರಿ

ಗೋಡೆಗೆ ತೂಗುಹಾಕುವ ಪಂಚಾಂಗದ ಕ್ಯಾಲೆಂಡರ್, ಅದಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ಸಿಲ್, ನೂರು ಪುಟದ ಒಂದು ನೋಟ್‌ಬುಕ್. ಇಷ್ಟು ಸಾಕು. ಪೆನ್ನು ಬೇಡ, ಪೆನ್ಸಿಲೇ ಇರಲಿ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಮ್ಮ ಮನೆಗಳ ಕಾಗದವೆಲ್ಲ ತೇವ ಹೀರಿ ಮೆತ್ತಗಾಗುವುದರಿಂದ ಶಾಯಿ ಹರಡಿಕೊಳ್ಳುತ್ತದೆ, ಸೀಸದ ಗೆರೆ ಹರಡುವುದಿಲ್ಲ. ಹೊರಗೋಡೆಗೆ ತೂಗಿದ ಕ್ಯಾಲೆಂಡರಿಗೆ ಬೂಷ್ಟು ಹಿಡಿಯುತ್ತದೆ. ಅಡುಗೆಮನೆಯಲ್ಲಿ ಒಲೆಯ ಶಾಖ ಅಷ್ಟಿಷ್ಟು ತಾಗುವ ಒಳಗೋಡೆ ಒಳ್ಳೆಯ ಜಾಗ.

ಮೊಬೈಲಿನಲ್ಲಿ ಇದಕ್ಕೆಂದೇ ಆ್ಯಪ್‌ಗಳಿವೆ. ಅವು ಕೆಟ್ಟವೆಂದು ಹೇಳುತ್ತಿಲ್ಲ. ಆದರೆ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಮೊಬೈಲಿನ ಚಾರ್ಜನ್ನು ಎಲ್ಲರೂ ಫೋನ್ ಮಾಡುವುದಕ್ಕೆ ಉಳಿಸಿಕೊಳ್ಳುತ್ತಾರೆ. ಕರೆಂಟ್ ಇದ್ದಾಗಲೂ, ಗುರುತು ಹಾಕಲೆಂದು ಕೈಗೆತ್ತಿಕೊಂಡ ಮೊಬೈಲ್ ಅರ್ಧ ಗಂಟೆ ಕೈಬಿಡುವುದಿಲ್ಲ.

ಹೊಸ ಶೂ, ಯೋಗದ ಚಾಪೆ, ಡೈರಿ, ಪುಸ್ತಕಗಳ ಕಟ್ಟು ಇವುಗಳನ್ನು ಈಗ ಕೊಳ್ಳಬೇಡಿ. ಕೊಂಡ ದಿನವೇ ಅರ್ಧ ಕೆಲಸ ಮುಗಿಯಿತೆಂಬ ಸಮಾಧಾನ ಬಂದುಬಿಡುತ್ತದೆ, ಆ ಸಮಾಧಾನವೇ ಮುಂದಿನ ಕೆಲಸಕ್ಕೆ ಅಡ್ಡಿ. ಕ್ಯಾಲೆಂಡರಿನಲ್ಲಿ ಮೂವತ್ತು ಗುರುತುಗಳು ಬಿದ್ದ ಮೇಲೆ ಬೇಕೆನಿಸಿದರೆ ಕೊಳ್ಳಬಹುದು.

ಹಂತ 1: ಏಳು ದಿನ ಏನನ್ನೂ ಬದಲಿಸದೆ, ನೋಡಿ ಬರೆಯಿರಿ

ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾವ ಕೆಲಸದ ನಂತರ ಯಾವ ಕೆಲಸ ನಡೆಯುತ್ತದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಗಂಟೆ ಬರೆಯಬೇಕಾಗಿಲ್ಲ, ಕ್ರಮ ಮುಖ್ಯ. ಹಳ್ಳಿಯ ಮನೆಯಾದರೆ ಪಟ್ಟಿ ಹೀಗಿದ್ದೀತು: ಎದ್ದದ್ದು, ಬಚ್ಚಲ ಒಲೆಗೆ ಬೆಂಕಿ ಹಾಕಿದ್ದು, ಕೊಟ್ಟಿಗೆಗೆ ಹೋದದ್ದು, ಹಾಲು ಕರೆದದ್ದು, ಕಾಫಿ, ಸ್ನಾನ, ದೇವರಿಗೆ ದೀಪ, ತಿಂಡಿ. ಶಿವಮೊಗ್ಗ ಪೇಟೆಯ ಮನೆಯಾದರೆ ಹಾಲಿನ ಪ್ಯಾಕೆಟ್ ಒಳಗೆ ತಂದದ್ದು, ನಲ್ಲಿಯ ನೀರು ಹಿಡಿದದ್ದು, ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬಂದದ್ದು ಹೀಗೆ ಇರುತ್ತದೆ. ಈ ಏಳು ದಿನಗಳಲ್ಲಿ ಒಂದು ಭಾನುವಾರ ಬರಲೇಬೇಕು. ನೆಂಟರು ಬಂದ ದಿನವೋ ಮದುವೆಮನೆಗೆ ಹೋದ ದಿನವೋ ನಡುವೆ ಸೇರಿದರೆ ಇನ್ನೂ ಒಳ್ಳೆಯದು.

ಎಂಟನೆಯ ದಿನ ಕುಳಿತು, ಏಳೂ ದಿನ ತಪ್ಪದೆ ನಡೆದ ಕೆಲಸಗಳಿಗೆ ಮಾತ್ರ ಅಡಿಗೆರೆ ಎಳೆಯಿರಿ. ದಿನವೂ ಮಾಡುತ್ತೇನೆ ಎಂದುಕೊಂಡಿದ್ದ ಹಲವು ಕೆಲಸಗಳು ದಿನವೂ ನಡೆಯುವುದಿಲ್ಲವೆಂದು ಆಗ ತಿಳಿಯುತ್ತದೆ. ಕೊನೆಗೆ ಉಳಿಯುವ ನಾಲ್ಕೈದು ಕೆಲಸಗಳೇ ನಿಮ್ಮ ಗೂಟಗಳು. ಕರುವನ್ನು ಅಲುಗಾಡುವ ಗೂಟಕ್ಕೆ ಯಾರೂ ಕಟ್ಟುವುದಿಲ್ಲ. ಹೊಸ ಅಭ್ಯಾಸವನ್ನೂ ಅಷ್ಟೇ ನೋಡಿ ಕಟ್ಟಬೇಕು.

ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ, ಬರೆಯುತ್ತಿದ್ದೇನೆಂಬ ಎಚ್ಚರದಲ್ಲಿ ದಿನಚರಿಯನ್ನೇ ತಿದ್ದಿಕೊಳ್ಳುವುದು. ಮೂರನೆಯ ದಿನಕ್ಕೇ ನಡಿಗೆ ಶುರುವಾಗಿರುತ್ತದೆ. ಹಾಗೆ ಮಾಡಿದರೆ ನಿಮ್ಮ ಕೈಗೆ ಸಿಗುವುದು ನಿಮ್ಮ ಮನೆಯ ನಿಜವಾದ ದಿನವಲ್ಲ, ಆದ್ದರಿಂದ ಅದರ ಮೇಲೆ ಕಟ್ಟಿದ್ದು ನಿಲ್ಲುವುದಿಲ್ಲ.

ಹಂತ 2: ಒಂದೇ ಗುರಿಯನ್ನು ಆರಿಸಿ, ಅದನ್ನು ಕೆಲಸದ ರೂಪದಲ್ಲಿ ಬರೆಯಿರಿ

‘ಆರೋಗ್ಯ ನೋಡಿಕೊಳ್ಳಬೇಕು’ ಎನ್ನುವುದು ಆಸೆ. ‘ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ನಡೆಯಬೇಕು’ ಎನ್ನುವುದು ಕೆಲಸ. ಎರಡರ ವ್ಯತ್ಯಾಸ ತಿಳಿಯಲು ಒಂದು ಪರೀಕ್ಷೆಯಿದೆ: ಅಂಗಳದಲ್ಲಿ ನಿಂತವರೊಬ್ಬರು ನಿಮ್ಮನ್ನು ನೋಡಿ ‘ಇವತ್ತು ಮಾಡಿದರು’ ಅಥವಾ ‘ಮಾಡಲಿಲ್ಲ’ ಎಂದು ಖಚಿತವಾಗಿ ಹೇಳಬಲ್ಲರೇ? ಹೇಳಲಾಗದಿದ್ದರೆ ನೀವು ಬರೆದದ್ದು ಇನ್ನೂ ಆಸೆಯೇ.

ಬಿಡಬೇಕಾದ ಅಭ್ಯಾಸಗಳನ್ನು ಕೂಡ ಹೀಗೆಯೇ ಮಾಡುವ ಕೆಲಸಕ್ಕೆ ತಿರುಗಿಸಬೇಕು. ಸಕ್ಕರೆಯ ಉದಾಹರಣೆ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ, ಹೊರಗಿನಿಂದ ಸೇರಿಸುವ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, ಶೇಕಡಾ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ಉಣ್ಣುವವರಿಗೆ ಅದು ಕ್ರಮವಾಗಿ ಸುಮಾರು 50 ಗ್ರಾಂ ಮತ್ತು 25 ಗ್ರಾಂ. ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಚಳಿ ಮಳೆಯ ದಿನಗಳಲ್ಲಿ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದಿಟ್ಟುಕೊಂಡರೆ ಕಾಫಿಯೊಂದರಿಂದಲೇ 40 ಗ್ರಾಂ ಆಯಿತು. ಬೆಲ್ಲದ ಕಾಫಿ ಕುಡಿಯುವವರು ತಮಗೆ ಈ ಲೆಕ್ಕ ಬೇಡವೆಂದುಕೊಳ್ಳುತ್ತಾರೆ, ಆದರೆ ಬೆಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ‘ಸಕ್ಕರೆ ಬಿಡುತ್ತೇನೆ’ ಎಂದು ಬರೆದರೆ ನಾಲ್ಕು ದಿನ ಬಾಳೀತು. ‘ಬೆಳಗಿನ ಮೊದಲ ಲೋಟಕ್ಕೆ ಎರಡು ಚಮಚದ ಬದಲು ಒಂದೂಮುಕ್ಕಾಲು ಚಮಚ ಹಾಕುತ್ತೇನೆ’ ಎಂದು ಬರೆದರೆ ಅದು ಕಣ್ಣಿಗೆ ಕಾಣುವ, ದಿನಕ್ಕೆ ಒಮ್ಮೆ ಮಾತ್ರ ನಡೆಯುವ, ನಾಲಿಗೆಗೆ ಹೆಚ್ಚು ಗೊತ್ತಾಗದ ಕೆಲಸವಾಗುತ್ತದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆಹಾರದಲ್ಲಿ ಬದಲಾವಣೆ ಮಾಡುವ ಮುಂಚೆ ವೈದ್ಯರನ್ನು ಕೇಳಬೇಕು.

ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಗುಟ್ಕಾ, ಬೀಡಿ, ಕುಡಿತ ಇವು ಚಟಗಳು. ಇವುಗಳನ್ನು ಈ ಮಾರ್ಗದರ್ಶಿಯೊಂದನ್ನೇ ನಂಬಿ ಬಿಡಲು ಹೋಗಬೇಡಿ. ವೈದ್ಯರ ನೆರವು ಬೇಕು. ತಂಬಾಕು ಬಿಡಲು ಬಯಸುವವರಿಗಾಗಿ ಕೇಂದ್ರ ಸರ್ಕಾರದ ಉಚಿತ ದೂರವಾಣಿ ಸಂಖ್ಯೆ 1800-11-2356 ಇದೆ.

ಗುರಿ ಒಂದೇ ಇರಲಿ. ಎರಡನೆಯದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟು ಮರೆತುಬಿಡಿ.

ಹಂತ 3: ಗುರಿಯನ್ನು ಅತ್ಯಂತ ಕೆಟ್ಟ ದಿನಕ್ಕೆ ಅಳೆಯಿರಿ

ಎಲ್ಲ ಹಂತಗಳಲ್ಲಿ ಇದು ಮುಖ್ಯವಾದದ್ದು, ಜನರು ಬೇಗ ಬೇಗ ದಾಟಿ ಹೋಗುವುದೂ ಇದನ್ನೇ.

ಕಣ್ಣು ಮುಚ್ಚಿ ಪುನರ್ವಸು ಮಳೆಯ ಒಂದು ಸಂಜೆಯನ್ನು ನೆನೆಸಿಕೊಳ್ಳಿ. ಮಧ್ಯಾಹ್ನದಿಂದ ಕರೆಂಟಿಲ್ಲ. ತೋಟಕ್ಕೆ ಔಷಧ ಹೊಡೆಯಲು ಬರುತ್ತೇನೆಂದವರು ಮಳೆ ಬಿಡಲಿಲ್ಲವೆಂದು ಬರಲಿಲ್ಲ, ಅಡಿಕೆಯ ಕೊಳೆರೋಗದ ಚಿಂತೆ ತಲೆಯಲ್ಲಿದೆ. ಒಣಗದ ಬಟ್ಟೆ ಹಗ್ಗದ ತುಂಬ ತೂಗುತ್ತಿದೆ, ಮಗುವಿಗೆ ಜ್ವರ, ಹೊತ್ತಲ್ಲದ ಹೊತ್ತಿಗೆ ನೆಂಟರು ಬಂದಿದ್ದಾರೆ. ಅಂಥ ದಿನ, ದಣಿದು ಕುಳಿತಾಗಲೂ, ಎರಡು ನಿಮಿಷದಲ್ಲಿ ಮಾಡಿ ಮುಗಿಸಬಲ್ಲಿರಾದಷ್ಟೇ ನಿಮ್ಮ ಗುರಿ. ಅದಕ್ಕಿಂತ ಒಂದು ಕಾಳು ಹೆಚ್ಚು ಬೇಡ.

ಅರ್ಧ ಗಂಟೆಯ ನಡಿಗೆ ಹೀಗೆ ಅಳೆದಾಗ ಜಗಲಿಯ ಈ ತುದಿಯಿಂದ ಆ ತುದಿಗೆ ಹತ್ತು ಸಲ ಓಡಾಡುವುದಕ್ಕೆ ಇಳಿಯುತ್ತದೆ. ಹನ್ನೆರಡು ಸೂರ್ಯನಮಸ್ಕಾರ ಒಂದಾಗುತ್ತದೆ. ರಾತ್ರಿ ಇಪ್ಪತ್ತು ಪುಟ ಓದುವ ಗುರಿ ಒಂದು ಪುಟಕ್ಕೆ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ, ದಿನಕ್ಕೆ ಎಂಟು ಗಂಟೆ ಎಂಬ ವೇಳಾಪಟ್ಟಿಯ ಬದಲು, ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಯನ್ನು ಬಿಡಿಸಿ ಉತ್ತರ ಏಕೆ ಸರಿ ಎಂದು ಒಂದು ಸಾಲು ಬರೆಯುವುದು ಗುರಿಯಾಗುತ್ತದೆ. ಮನೆಯ ಲೆಕ್ಕ ಬರೆಯುವವರಿಗೆ ಆ ದಿನದ ಅತಿ ದೊಡ್ಡ ಖರ್ಚೊಂದನ್ನು ಬರೆದರೆ ಸಾಕು.

‘ಜಗಲಿಯಲ್ಲಿ ಹತ್ತು ಸಲ ಓಡಾಡಿದರೆ ಯಾವ ಪ್ರಯೋಜನ?’ ಎಂಬ ಪ್ರಶ್ನೆ ಸಹಜ. ಪ್ರೌಢ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಜಗಲಿಯ ಎರಡು ನಿಮಿಷ ಅದರ ಹತ್ತಿರಕ್ಕೂ ಬರುವುದಿಲ್ಲ, ನಿಜ. ಆದರೆ ಈಗ ನಾವು ಬೆಳೆಸುತ್ತಿರುವುದು ದೇಹದ ಬಲವನ್ನಲ್ಲ, ದಿನದಲ್ಲಿ ನಡಿಗೆಗೊಂದು ಜಾಗವನ್ನು. ಅಡಿಕೆ ಸಸಿಯನ್ನು ತೋಟಕ್ಕೆ ನೆಡುವ ಮುನ್ನ ಒಂದು, ಒಂದೂವರೆ ವರ್ಷ ನೆರಳಿನ ಸಸಿಮಡಿಯಲ್ಲಿ ಬೆಳೆಸುತ್ತೇವೆ. ಆ ಒಂದೂವರೆ ವರ್ಷದಲ್ಲಿ ಸಸಿ ಫಸಲು ಕೊಡಲಿಲ್ಲವೆಂದು ಯಾವ ರೈತನೂ ಅದನ್ನು ಕಿತ್ತೆಸೆಯುವುದಿಲ್ಲ.

ನಾನು ಸತತವಾಗಿ ಮೂರು ವರ್ಷ ಓದಿನ ವಿಷಯದಲ್ಲಿ ಈ ಹಂತವನ್ನು ತಪ್ಪಿಸಿದವನು. ರಾತ್ರಿ ಇಪ್ಪತ್ತೈದು ಪುಟ ಎಂದು ನಿಶ್ಚಯಿಸಿ ಪ್ರತಿ ವರ್ಷ ಜುಲೈ ಹೊತ್ತಿಗೆ ಪುಸ್ತಕವನ್ನು ಮೂಲೆಗೆ ಸೇರಿಸುತ್ತಿದ್ದೆ. ನಾಲ್ಕನೆಯ ವರ್ಷ ಒಂದು ಪುಟಕ್ಕೆ ಇಳಿಸಿದಾಗ ಮೊದಲ ಕೆಲವು ವಾರ ಅವಮಾನದಂತೆ ಅನ್ನಿಸಿತು. ಆದರೆ ಆ ಮಳೆಗಾಲದಲ್ಲಿ ಓದು ನಿಲ್ಲಲಿಲ್ಲ.

ಬಿಡುವಿದ್ದ ದಿನ ಹೆಚ್ಚು ಮಾಡುವುದಕ್ಕೆ ಅಡ್ಡಿಯಿಲ್ಲ. ಹತ್ತು ಪುಟ ಓದಿ, ತುಂಗೆಯ ದಡದಲ್ಲಿ ಒಂದು ಗಂಟೆ ನಡೆಯಿರಿ. ಗುರುತಿಗೆ ಮಾತ್ರ ಸಣ್ಣ ಅಳತೆಯೇ ಲೆಕ್ಕ. ಎರಡನೆಯ ವಾರದಲ್ಲಿ ಉತ್ಸಾಹ ಹೆಚ್ಚಾಗಿ ‘ಇನ್ನು ಮೇಲೆ ಐದು ಪುಟ’ ಎಂದು ಗುರಿಯನ್ನೇ ಏರಿಸುವುದು ಇಲ್ಲಿನ ದೊಡ್ಡ ತಪ್ಪು. ಏರಿಸುವ ಕಾಲ ಎಂಟನೆಯ ಹಂತದಲ್ಲಿ ಬರುತ್ತದೆ.

ಹಂತ 4: ಈಗಾಗಲೇ ನಡೆಯುತ್ತಿರುವ ಕೆಲಸಕ್ಕೆ ಗುರಿಯನ್ನು ಕಟ್ಟಿ

ಮೊದಲ ಹಂತದಲ್ಲಿ ಅಡಿಗೆರೆ ಎಳೆದ ಗೂಟಗಳಲ್ಲಿ ಒಂದನ್ನು ಆರಿಸಿ, ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ ಬರೆಯಿರಿ: ‘ಇಂಥ ಕೆಲಸ ಮುಗಿದ ಕೂಡಲೇ, ಇಂಥ ಜಾಗದಲ್ಲಿ, ಇಷ್ಟು ಮಾಡುತ್ತೇನೆ.’ ಉದಾಹರಣೆಗೆ, ‘ದೇವರ ದೀಪ ಹಚ್ಚಿದ ಕೂಡಲೇ, ಅಲ್ಲೇ ಚಾಪೆಯ ಮೇಲೆ, ಒಂದು ಸೂರ್ಯನಮಸ್ಕಾರ ಮಾಡುತ್ತೇನೆ.’ ಬರೆಯದೆ ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು. ಹೀಗೆ ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದರ ಪರಿಣಾಮದ ಬಗ್ಗೆ ನಡೆದ 94 ಪರೀಕ್ಷೆಗಳನ್ನು ಮನಶ್ಶಾಸ್ತ್ರಜ್ಞರಾದ ಪೀಟರ್ ಗೋಲ್‌ವಿಟ್ಜರ್ ಮತ್ತು ಪಾಸ್ಕಲ್ ಶೀರನ್ ಒಟ್ಟುಗೂಡಿಸಿ 2006ರಲ್ಲಿ ವಿಶ್ಲೇಷಿಸಿದರು. ಬರಿಯ ಗುರಿ ಇಟ್ಟುಕೊಂಡವರಿಗಿಂತ ಹೀಗೆ ನಿಶ್ಚಯಿಸಿಕೊಂಡವರು ಗುರಿ ಮುಟ್ಟುವುದು ಗಮನಾರ್ಹವಾಗಿ ಹೆಚ್ಚು ಎಂಬುದು ಅದರಲ್ಲಿ ಕಂಡುಬಂತು.

ಗೂಟ ಆರಿಸುವಾಗ ಮೂರು ಸಂಗತಿ ನೋಡಿ. ಅದು ಮುಗಿಯುವ ಗಳಿಗೆ ಸ್ಪಷ್ಟವಾಗಿರಬೇಕು: ಹಾಲಿನ ತಂಬಿಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ ಗಳಿಗೆ ಸ್ಪಷ್ಟ, ‘ತಿಂಡಿ ಕೆಲಸ ಮುಗಿದಾಗ’ ಎಂಬುದು ಸ್ಪಷ್ಟವಲ್ಲ. ಹೊಸ ಕೆಲಸ ಮಾಡುವ ಜಾಗ ಆ ಗೂಟದ ಹತ್ತಿರವೇ ಇರಬೇಕು. ಮೂರನೆಯದಾಗಿ, ಅದರ ಬೆನ್ನಿಗೇ ಬೇರೆ ಅವಸರ ಇರಬಾರದು. ಹಾಲು ಕರೆದ ಕೂಡಲೇ ಡೇರಿಗೆ ಓಡಬೇಕಾದವರಿಗೆ ಹಾಲು ಕರೆಯುವುದು ಗೂಟವಾಗಲಾರದು; ಡೇರಿಯಿಂದ ಬಂದು ಕ್ಯಾನು ತೊಳೆದು ಬೋರಲು ಹಾಕಿದ್ದು ಗೂಟವಾದೀತು.

ಬೇರೆಯವರ ಕೆಲಸವನ್ನು ಗೂಟ ಮಾಡಿಕೊಳ್ಳಬೇಡಿ. ‘ಮಕ್ಕಳು ಮಲಗಿದ ಮೇಲೆ’, ‘ಇವರು ಪೇಟೆಯಿಂದ ಬಂದ ಮೇಲೆ’ ಎಂದು ಬರೆದ ಗೃಹಿಣಿಯರು ಕಾಯುತ್ತಲೇ ರಾತ್ರಿ ಕಳೆದದ್ದನ್ನು ನೋಡಿದ್ದೇನೆ. ಮನೆಯ ಹೆಂಗಸರ ದಿನ ಬೇರೆಯವರ ಹೊತ್ತಿಗೆ ತಕ್ಕಂತೆ ಕದಲುತ್ತಿರುತ್ತದೆ, ಆದ್ದರಿಂದ ಅವರು ತಮ್ಮ ಕೈಯಲ್ಲೇ ಇರುವ ಕೆಲಸವನ್ನು, ಒಲೆ ಆರಿಸುವುದು ಅಥವಾ ಮೊಸರಿಗೆ ಹೆಪ್ಪು ಹಾಕುವುದು ಇಂಥದ್ದನ್ನು, ಆರಿಸುವುದು ಅಗತ್ಯ. ‘ಸಂಜೆ’, ‘ಬಿಡುವಾದಾಗ’, ‘ಕರೆಂಟ್ ಬಂದ ಮೇಲೆ’, ‘ಮಳೆ ನಿಂತಾಗ’ ಇವು ಗೂಟಗಳೇ ಅಲ್ಲ. ಬೆಳಿಗ್ಗೆ ಐದೂವರೆಯ ಅಲಾರಮ್ಮನ್ನೂ ನಾನು ಸೂಚಿಸುವುದಿಲ್ಲ. ಕಾರ್ಮೋಡ ಕವಿದ ಬೆಳಗಿನಲ್ಲಿ ಅದನ್ನು ಆರಿಸಿ ಮಲಗುವುದೇ ಅಭ್ಯಾಸವಾಗಿಬಿಡುತ್ತದೆ.

ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಶಿವಮೊಗ್ಗಕ್ಕೆ ದಿನವೂ ಓಡಾಡುವ ನೌಕರರಿಗೆ ಬಸ್ಸಿನ ಟಿಕೆಟ್ ಕೈಗೆ ಬಂದ ಗಳಿಗೆ ಒಳ್ಳೆಯ ಗೂಟ. ತಿರುವಿನ ರಸ್ತೆಯಲ್ಲಿ ಓದಿದರೆ ತಲೆ ಸುತ್ತುವವರು ಆಗ ಓದದೆ, ಹಿಂದಿನ ದಿನ ಓದಿದ್ದನ್ನು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲಿ.

ನಡಿಗೆಯನ್ನು ಆರಿಸಿಕೊಂಡವರು ಜಾಗದ ವಿಷಯದಲ್ಲಿ ಎಚ್ಚರ ವಹಿಸಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ಜಾರುತ್ತದೆ. ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ದಾರಿಯೂ ಹಳೆಯದಾದರೆ ಜಾರುತ್ತದೆ. ಹಿರಿಯರು ಜಗಲಿಯನ್ನು ಬಿಟ್ಟು ಇಳಿಯದಿರುವುದೇ ಒಳ್ಳೆಯದು. ಬೇಸಿಗೆಯಲ್ಲಿ ಕಾಡಿನ ದಾರಿ ಹಿತವೆನಿಸುತ್ತದೆ, ಆದರೆ ಉಣುಗುಗಳ ಮೂಲಕ ಹರಡುವ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯ ಕಾಲವೂ ಅದೇ, ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ವರೆಗೆ. ಕಾಯಿಲೆ ಕಾಣಿಸಿಕೊಂಡ ಊರಿನವರು ಆ ತಿಂಗಳುಗಳಲ್ಲಿ ನಡಿಗೆಗೆ ಊರೊಳಗಿನ ರಸ್ತೆಯನ್ನೇ ಬಳಸಲಿ. ಕಾಡಿಗೆ ಹೋಗಲೇಬೇಕಾದಾಗ ಆರೋಗ್ಯ ಇಲಾಖೆ ಕೊಡುವ ತೈಲವನ್ನು ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಿ, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಬೇಕು.

ಹಂತ 5: ಹಿಂದಿನ ರಾತ್ರಿಯೇ ಅಣಿಮಾಡಿ

ಗೂಟದ ಪಕ್ಕದಲ್ಲೇ ಬೇಕಾದ ವಸ್ತು ಇರಲಿ. ಓದುವ ಪುಸ್ತಕ ಬೀರುವಿನೊಳಗಿದ್ದರೆ ಬೀರು ತೆರೆಯುವುದೇ ಒಂದು ಕೆಲಸವಾಗುತ್ತದೆ. ಅದು ದಿಂಬಿನ ಮೇಲೆ, ಗುರುತು ಹಾಕಿದ ಪುಟ ತೆರೆದುಕೊಂಡೇ ಇರಬೇಕು. ಕರೆಂಟ್ ಹೋಗುವ ತಿಂಗಳುಗಳಲ್ಲಿ ಚಾರ್ಜ್ ಆದ ಲೈಟೊಂದು ಪುಸ್ತಕದ ಜೊತೆಯಲ್ಲಿರಲಿ. ಸಕ್ಕರೆ ಕಡಿಮೆ ಮಾಡುವವರು ಡಬ್ಬಿಯಲ್ಲಿ ದೊಡ್ಡ ಚಮಚದ ಬದಲು ಸಣ್ಣ ಚಮಚ ಇಡಲಿ. ಲೆಕ್ಕದ ಪುಸ್ತಕ ಪರ್ಸು ಇಡುವ ಜಾಗದಲ್ಲೇ ಇರಲಿ.

ಅಡ್ಡಿಯಾಗುವ ವಸ್ತುವನ್ನು ದೂರ ಇಡುವುದೂ ಇದೇ ಹಂತದ ಕೆಲಸ. ಮಲಗುವ ಕೋಣೆಯಲ್ಲಿ ಮೊಬೈಲ್ ಚಾರ್ಜಿಗೆ ಹಾಕುವವರು ಆ ಚಾರ್ಜರನ್ನು ನಡುಮನೆಗೆ ವರ್ಗಾಯಿಸಿದರೆ ಓದಿನ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಹಂತ 6: ಮಾಡಿದ ಕೂಡಲೇ ಗುರುತು ಹಾಕಿ

ಕೆಲಸ ಮುಗಿದ ಕೂಡಲೇ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ಒಂದು ಗೆರೆ ಎಳೆಯಿರಿ. ಎಷ್ಟು ಮಾಡಿದಿರಿ ಎಂದು ಬರೆಯಬೇಡಿ. ಅಂಕಿ ಬರೆದರೆ ನಿನ್ನೆಯ ಅಂಕಿಯ ಜೊತೆ ಹೋಲಿಕೆ ಶುರುವಾಗುತ್ತದೆ. ಮೂರು ದಿನದ ಗೆರೆಗಳನ್ನು ಒಟ್ಟಿಗೆ ಎಳೆಯುವುದೂ ಬೇಡ. ಮನೆಯಲ್ಲಿ ಒಬ್ಬರಿಗೆ ಮಾತ್ರ ವಿಷಯ ತಿಳಿಸಿ, ಉಳಿದವರಿಗೆ ಸಾರುವುದು ಬೇಡ. ಊರಿಗೆಲ್ಲ ಹೇಳಿ ಹೊಗಳಿಸಿಕೊಂಡ ಗುರಿ ಎರಡನೆಯ ವಾರದಲ್ಲಿ ಭಾರವಾಗುತ್ತದೆ.

ಹಂತ 7: ತಪ್ಪಿದ ದಿನವನ್ನು ಹೇಗೆ ದಾಟಬೇಕು

ತಪ್ಪುತ್ತದೆ. ಅದಕ್ಕೆ ಮೊದಲೇ ಸಿದ್ಧರಾಗಿರಬೇಕು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 96 ಜನರನ್ನು 12 ವಾರ ಅಭ್ಯಸಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಒಂದು ಕೆಲಸ ಯೋಚಿಸದೆಯೇ ನಡೆಯುವ ಮಟ್ಟಕ್ಕೆ ಬರಲು ಬೇಕಾದ ಕಾಲ ವ್ಯಕ್ತಿಯಿಂದ ವ್ಯಕ್ತಿಗೆ 18 ದಿನದಿಂದ 254 ದಿನದವರೆಗೆ ಬದಲಾಗುತ್ತದೆ, ಮಧ್ಯದ ಅಂಕಿ 66 ದಿನ ಎಂದು ಅವರು ಅಂದಾಜು ಮಾಡಿದರು. ಜನರಲ್ಲಿ ಹರಡಿರುವ ‘ಇಪ್ಪತ್ತೊಂದು ದಿನ’ದ ನಂಬಿಕೆಗೆ ಇದರಲ್ಲಿ ಆಧಾರ ಸಿಗುವುದಿಲ್ಲ. ಇನ್ನೂ ಮುಖ್ಯವಾದದ್ದು, ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ ಎಂಬ ಅವರ ಫಲಿತಾಂಶ. ಆದ್ದರಿಂದ ಒಂದು ಖಾಲಿ ಮನೆ ಕಂಡು ಕ್ಯಾಲೆಂಡರನ್ನೇ ಮಡಚಿಡುವುದು ಅನಗತ್ಯ.

ನಾನು ಪಾಲಿಸುವ ಕಟ್ಟಳೆ ಹೀಗಿದೆ: ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಮರುದಿನ ಮಾತ್ರ ತಪ್ಪಕೂಡದು. ಮರುದಿನ ಮಾಡುವುದು ಅದೇ ಸಣ್ಣ ಅಳತೆ. ನಿನ್ನೆಯ ಪಾಲನ್ನೂ ಸೇರಿಸಿ ಎರಡು ಪುಟ ಓದುವುದು, ದಂಡವೆಂದು ಕಾಫಿ ಬಿಡುವುದು ಇವನ್ನೆಲ್ಲ ಮಾಡಬೇಡಿ. ಸಾಲದಂತೆ ಬೆಳೆಯುವ ಬಾಕಿಯನ್ನು ಯಾರೂ ಸಂತೋಷದಿಂದ ತೀರಿಸುವುದಿಲ್ಲ. ಮನೆಯಲ್ಲಿ ಸಾವು, ಆಸ್ಪತ್ರೆಯ ವಾಸ, ಬಾಣಂತನ ಇಂಥ ದಿನಗಳಿಗೆ ಗೆರೆಯ ಬದಲು ಸೊನ್ನೆ ಹಾಕಿ. ಸೊನ್ನೆ ಎಂದರೆ ನಿಲ್ಲಿಸಿದ್ದೇನೆ ಎಂದಲ್ಲ, ಇಷ್ಟು ದಿನ ರಜೆ ಎಂದರ್ಥ. ರಜೆ ಮುಗಿಯುವ ದಿನವನ್ನೂ ಆಗಲೇ ಗುರುತಿಸಿಡಿ.

ಎಚ್ಚರಿಕೆಯ ಸೂಚನೆಗಳು

ಎರಡು ದಿನಕ್ಕಿಂತ ಹೆಚ್ಚು ಮನೆಗಳು ಸಾಲಾಗಿ ಖಾಲಿ ಇದ್ದರೆ ಗುರಿ ದೊಡ್ಡದಾಗಿದೆ ಎಂದು ತಿಳಿದು ಮೂರನೆಯ ಹಂತಕ್ಕೆ ಮರಳಿ ಅದನ್ನು ಅರ್ಧಕ್ಕೆ ಇಳಿಸಿ. ಖಾಲಿ ಮನೆಗಳು ವಾರದ ಒಂದೇ ದಿನಕ್ಕೆ, ಅಂದರೆ ಪ್ರತಿ ಭಾನುವಾರಕ್ಕೋ ಸಂತೆಯ ದಿನಕ್ಕೋ ಬೀಳುತ್ತಿದ್ದರೆ ಅಳತೆ ಸರಿಯಿದೆ, ಗೂಟ ಆ ದಿನ ಅಲುಗಾಡುತ್ತಿದೆ. ನಾಲ್ಕನೆಯ ಹಂತಕ್ಕೆ ಹೋಗಿ ಆ ದಿನಕ್ಕೆ ಬೇರೆ ಗೂಟ ಹುಡುಕಿ. ಮಲಗಿದ ಮೇಲೆ ನೆನಪಾಗಿ ಎದ್ದು ಬಂದು ಮಾಡುತ್ತಿದ್ದರೆ ಗೂಟವೇ ಸಿಕ್ಕಿಲ್ಲ.

ಗೆರೆ ಎಳೆಯುವ ಆಸೆಗೆ ಕೆಲಸವನ್ನು ಕಾಟಾಚಾರಕ್ಕೆ ಮುಗಿಸುವುದು ಇನ್ನೊಂದು ಸೂಚನೆ. ಪುಟದ ಮೇಲೆ ಕಣ್ಣು ಹಾಯಿಸಿ ಏನು ಓದಿದೆನೆಂದು ತಿಳಿಯದಿದ್ದರೆ, ಒಂದು ಪುಟವನ್ನು ಅರ್ಧ ಪುಟ ಮಾಡಿ ನಿಧಾನವಾಗಿ ಓದಿ.

ನಡಿಗೆ ಅಥವಾ ಯೋಗದಲ್ಲಿ ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಇಷ್ಟವಿದ್ದ ಕೆಲಸವೂ ಎರಡು ವಾರಕ್ಕೂ ಮೀರಿ ಬೇಡವೆನಿಸಿ, ನಿದ್ದೆ, ಊಟ ತಪ್ಪಿ, ಮನಸ್ಸು ಮಂಕಾಗಿಯೇ ಉಳಿದರೆ ಅದು ಅಭ್ಯಾಸದ ಸಮಸ್ಯೆಯಲ್ಲ. ಅಂಥವರು ತಮ್ಮನ್ನು ದೂರಿಕೊಳ್ಳದೆ ವೈದ್ಯರನ್ನು ಕಾಣಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್, ಸಂಖ್ಯೆ 14416, ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ.

ಹಂತ 8: ಏರಿಸುವುದು ಮತ್ತು ಎರಡನೆಯ ಅಭ್ಯಾಸ

ಕ್ಯಾಲೆಂಡರ್ ನೋಡದೆ, ಯಾರೂ ನೆನಪಿಸದೆ, ಗೂಟದ ಕೆಲಸ ಮುಗಿದ ಕೂಡಲೇ ಕೈ ತಾನಾಗಿ ಹೊಸ ಕೆಲಸಕ್ಕೆ ಹೋಗತೊಡಗಿದಾಗ ಅಭ್ಯಾಸ ಬೇರುಬಿಟ್ಟಿದೆ ಎಂದು ತಿಳಿಯಬಹುದು. ಇದಕ್ಕೆ ಎರಡು ತಿಂಗಳಾದರೂ ಬೇಕೆಂದು ಇಟ್ಟುಕೊಳ್ಳಿ. ಆ ಮೇಲೆ ಏರಿಸುವಾಗಲೂ ಕೆಳಗಿನ ಅಳತೆಯನ್ನು ಮುಟ್ಟಬಾರದು. ‘ಕನಿಷ್ಠ ಹತ್ತು ಸಲ, ಮಳೆಯಿಲ್ಲದ ದಿನ ಊರಿನ ಸಂಕದವರೆಗೆ (ಕಾಲುಸೇತುವೆಯವರೆಗೆ)’ ಎಂದು ಎರಡು ಅಳತೆಗಳನ್ನು ಬರೆದುಕೊಳ್ಳಿ. ವಾರಕ್ಕೆ 150 ನಿಮಿಷದ ಹತ್ತಿರಕ್ಕೆ ಹೋಗುವುದು ಈ ಮೇಲಿನ ಅಳತೆಯಿಂದ; ಅಭ್ಯಾಸವನ್ನು ಉಳಿಸುವುದು ಕೆಳಗಿನದು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮರೆತಿಟ್ಟ ಎರಡನೆಯ ಗುರಿಯನ್ನು ಈಗ ತೆರೆಯಬಹುದು, ಆದರೆ ಅದಕ್ಕೆ ಬೇರೆಯೇ ಗೂಟ ಬೇಕು.

ಆರಂಭಿಸಲು ಒಳ್ಳೆಯ ತಿಂಗಳು ಯಾವುದು ಎಂದು ಕೇಳುವವರಿಗೆ ನನ್ನ ಉತ್ತರ ಆಷಾಢ. ಶುಭಕಾರ್ಯಗಳಿಗೆ ನಮ್ಮವರು ಆ ತಿಂಗಳನ್ನು ಬಿಡುತ್ತಾರೆ, ಹಾಗಾಗಿ ಮದುವೆ ಮುಂಜಿಗಳ ಓಡಾಟ ಇರುವುದಿಲ್ಲ. ಮಳೆಯೂ ಜೋರಾಗಿರುವುದರಿಂದ ಗುರಿಯನ್ನು ದೊಡ್ಡದು ಮಾಡುವ ಆಸೆ ತಾನಾಗಿ ಅಡಗಿರುತ್ತದೆ. ಆ ಮಳೆಯಲ್ಲಿ ನಿಂತ ಅಳತೆ ಬೇಸಿಗೆಯಲ್ಲಿ ಬೀಳುವುದು ಅಪರೂಪ.

ತೋಟದ ಮನೆಯವರಿಗೆ ಇನ್ನೊಂದು ಸಿದ್ಧತೆ ಬಾಕಿಯಿದೆ. ವರ್ಷದ ಕೆಟ್ಟ ದಿನಗಳಲ್ಲಿ ಹೆಚ್ಚಿನವು ಮುಂಚೆಯೇ ಗೊತ್ತಿರುವಂಥವು. ಮಳೆ ಹಿಡಿಯುವ ಮುನ್ನ ಮೊದಲ ಸಲ ಕೊಳೆರೋಗದ ಔಷಧವಾದ ಬೋರ್ಡೋ ದ್ರಾವಣ ಹೊಡೆಯುವ ದಿನಗಳು, ಅಲ್ಲಿಂದ 40–45 ದಿನಕ್ಕೆ ಬರುವ ಎರಡನೆಯ ಸಲದ ದಿನಗಳು, ಆಮೇಲೆ ಕೊಯ್ಲು. ಸುಲಿಯುವ ಕಾಲದಲ್ಲಿ ರಾತ್ರಿ ಊಟದ ನಂತರ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವಾಗ ಮಲಗುವ ಹೊತ್ತು ಮೀರಿರುತ್ತದೆ, ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದರೆ ಇನ್ನೂ ತಡ. ‘ಊಟವಾದ ಕೂಡಲೇ’ ಎಂಬ ಗೂಟ ಆ ಎರಡು ಮೂರು ತಿಂಗಳು ಇರುವುದೇ ಇಲ್ಲ. ಆದ್ದರಿಂದ ನವರಾತ್ರಿಯ ಹೊತ್ತಿಗೇ ಕೊಯ್ಲಿನ ಗೂಟವನ್ನು ಬೇರೆ ಬರೆದುಕೊಳ್ಳಿ. ಬೆಳಿಗ್ಗೆ ಅಡಿಕೆ ಒಣಗಿಸುವ ಅಟ್ಟಕ್ಕೆ ಹತ್ತಿ, ಬೇಯಿಸಿದ ಅಡಿಕೆಯನ್ನು ಹರವಿ ಇಳಿದ ಗಳಿಗೆ ನಮ್ಮ ಮನೆಯಲ್ಲಿ ಆ ತಿಂಗಳುಗಳ ಗೂಟ. ಪುಸ್ತಕ ಆಗ ದಿಂಬಿನಿಂದ ಅಟ್ಟದ ಏಣಿಯ ಪಕ್ಕದ ಗೂಡಿಗೆ ಬರುತ್ತದೆ, ಏಣಿ ಇಳಿದವರು ಅಲ್ಲೇ ಕುಳಿತು ಒಂದು ಪುಟ ಓದಿ ಕಾಫಿಗೆ ಹೋಗುತ್ತಾರೆ.